ಖರ್ಜೂರದ ಮರಕ್ಕೆ ಐದು ವರ್ಷ ಸಾಲದು

ಮೊರಾಕ್ಕೊದ ಪೂರ್ವ ಭಾಗದಲ್ಲಿ, ಅಲ್ಜೀರಿಯಾ ಗಡಿಗೆ ಹತ್ತಿರದಲ್ಲಿ ಬೂದ್ನಿಬ್ ಎಂಬ ಒಣಸೀಮೆಯ ಊರಿದೆ. 1927ರಲ್ಲಿ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿ ವಾಲ್ಟರ್ ಸ್ವಿಂಗಲ್ ಅಲ್ಲಿಗೆ ಬಂದರು. ಆ ಭಾಗದ ಖರ್ಜೂರದ ತೋಟಗಳು ಆಗ ಸೊರಗು ರೋಗಕ್ಕೆ ಸಿಕ್ಕಿ ಸಾಲುಸಾಲಾಗಿ ಸಾಯುತ್ತಿದ್ದವು. ರೋಗ ನೋಡಲು ಬಂದವರ ಕಣ್ಣು ಹಣ್ಣಿನ ಮೇಲೂ ಬಿತ್ತು. ರೋಗ ತಗುಲದ ಒಂದು ಮರ ಹುಡುಕಿ, ಅದರ ಬುಡದ 11 ಕಂದುಗಳನ್ನು ಕೊಂಡು ಹಡಗಿಗೇರಿಸಿದರು. ಬಾಳೆಯ ಹಾಗೆ ಖರ್ಜೂರಕ್ಕೂ ಆಗ ಕಂದೇ ಆಗಬೇಕಿತ್ತು. ಬೀಜ ಹಾಕಿದರೆ ಗಿಡವೇನೋ ಬರುತ್ತದೆ, ಆದರೆ ತಾಯಿಯ ಗುಣ ಬರುವುದಿಲ್ಲ. ಅದು ಗಂಡೋ ಹೆಣ್ಣೋ ಎಂಬುದೂ ಹೊಂಬಾಳೆ ಒಡೆಯುವ ತನಕ ತಿಳಿಯುವುದಿಲ್ಲ. ನೆವಾಡಾದಲ್ಲಿ ಪ್ರತ್ಯೇಕವಾಗಿಟ್ಟು ಸಾಕಿದ ಆ 11ರಲ್ಲಿ 9 ಉಳಿದವು. ಅವು ಮುಂದೆ ಕ್ಯಾಲಿಫೋರ್ನಿಯಾ ಸೇರಿ, ಅಲ್ಲಿನ ಮೆಡ್ಜೂಲ್ ಉದ್ಯಮಕ್ಕೇ ತಳಹದಿಯಾದವು. ನಮ್ಮ ಸೂಪರ್ ಮಾರ್ಕೆಟ್‌ಗಳಲ್ಲಿ ಹೆಬ್ಬೆರಳಿಗಿಂತ ದಪ್ಪಗಿದ್ದು, ಕೆಜಿಗೆ ಸಾವಿರ ರೂಪಾಯಿಗೂ ಮೀರಿ ಮಾರಾಟವಾಗುವ ತಳಿ ಅದೇ. ಅದರ ಅರಬ್ಬಿ ಹೆಸರು ಮಜ್‌ಹೂಲ್. ಹಾಗೆಂದರೆ 'ಗೊತ್ತಿಲ್ಲದ್ದು'.

ಜಗತ್ತಿಗೆಲ್ಲ ಗೊತ್ತಾದ ಆ ಹಣ್ಣಿನಿಂದ ಬೂದ್ನಿಬ್‌ನ ಸಣ್ಣ ರೈತನಿಗೆ ಏನೂ ಹುಟ್ಟಲಿಲ್ಲ. ಸರಿಯಾಗಿ ಎಂಬತ್ತು ವರ್ಷದ ಮೇಲೆ, 2007ರ ಆಗಸ್ಟ್‌ನಲ್ಲಿ, ಅದೇ ಅಮೆರಿಕ ದುಡ್ಡಿನ ಗಂಟು ಹಿಡಿದು ಮೊರಾಕ್ಕೊಗೆ ವಾಪಸು ಬಂತು. ಮಿಲೇನಿಯಂ ಚಾಲೆಂಜ್ ಕಾರ್ಪೊರೇಷನ್ ಎಂಬ ಅಮೆರಿಕ ಸರ್ಕಾರದ ನೆರವು ಸಂಸ್ಥೆ 69.75 ಕೋಟಿ ಡಾಲರ್‌ಗಳ ಒಪ್ಪಂದಕ್ಕೆ ಸಹಿ ಹಾಕಿತು. ಅದರಲ್ಲಿ ಸುಮಾರು 30 ಕೋಟಿ ಡಾಲರ್ ಹಣ್ಣಿನ ಮರಗಳಿಗೆ. ಸಿಂಹಪಾಲು ಆಲಿವ್‌ಗೆ ಹೋಯಿತು, ಉಳಿದದ್ದರಲ್ಲಿ ಓಯಸಿಸ್‌ಗಳ ಖರ್ಜೂರಕ್ಕೂ ಒಂದು ಪಾಲು ಬಂತು. 2008ರಲ್ಲಿ ಮೊರಾಕ್ಕೊ ಸರ್ಕಾರವೇ 'ಹಸಿರು ಮೊರಾಕ್ಕೊ' ಎಂಬ ದೊಡ್ಡ ಕೃಷಿ ಯೋಜನೆ ಹಾಕಿಕೊಂಡಿತು. 2020ರೊಳಗೆ 30 ಲಕ್ಷ ಖರ್ಜೂರದ ಗಿಡ, ವರ್ಷಕ್ಕೆ 1.6 ಲಕ್ಷ ಟನ್ ಹಣ್ಣು, ಒಳ್ಳೆಯ ದರ್ಜೆಯದ್ದು ಪರದೇಶಕ್ಕೆ ಎಂಬ ಗುರಿಗಳು ಬಂದವು. ಗಿಡ ನೆಡುವ ಗುರಿ ಮುಟ್ಟಿದ್ದಾಗಿ ಸರ್ಕಾರ ಹೇಳಿಯೂ ಆಯಿತು.

ಸರಿ, ಯೋಜನೆ ಫಲಿಸಿತೇ? ಇದಕ್ಕೆ ಉತ್ತರ ಹೇಳುವುದೇ ಒಂದು ಕಸುಬು. ಮೌಲ್ಯಮಾಪಕರು ಎಂದು ಅವರ ಹೆಸರು. ಪ್ರಸ್ತುತವೇ, ಪರಿಣಾಮಕಾರಿಯೇ, ಖರ್ಚಿಗೆ ತಕ್ಕದ್ದೇ, ಬಾಳಿಕೆ ಬರುತ್ತದೆಯೇ ಎಂದು ಕೇಳುವ ಮಾನದಂಡಗಳನ್ನು ಶ್ರೀಮಂತ ದೇಶಗಳ ಒಕ್ಕೂಟ 1991ರಲ್ಲೇ ಮಾಡಿಟ್ಟಿದೆ. 2019ರಲ್ಲಿ ಇನ್ನೊಂದು ಸೇರಿಸಿ ಒಟ್ಟು ಆರಾಗಿವೆ. ಕಾಗದದ ಮೇಲೆ ಚೆನ್ನಾಗಿಯೇ ಇವೆ. ಖರ್ಜೂರದ ತೋಪಿನ ಒಳಗೆ ಕಾಲಿಟ್ಟಾಗ ಒಂದೊಂದೇ ಎಡವುತ್ತವೆ.

ಮೊದಲು ಆ ತೋಪು ಹೇಗಿರುತ್ತದೆ ನೋಡೋಣ. ಸಾಲುಗೆರೆ ಎಳೆದ ಹಾಗೆ ನೆಟ್ಟ ತೋಟ ಅಲ್ಲ ಅದು. ಮೇಲೆ ಖರ್ಜೂರದ ಕೊಡೆ, ಅದರ ನೆರಳಲ್ಲಿ ದಾಳಿಂಬೆ, ಅಂಜೂರ, ಅದರ ಕೆಳಗೆ ಕುದುರೆಮೆಂತ್ಯ, ಬಾರ್ಲಿ, ತರಕಾರಿ. ನಮ್ಮ ಮಲೆನಾಡಿನ ಅಡಿಕೆ ತೋಟದಲ್ಲಿ ಬಾಳೆ, ಏಲಕ್ಕಿ, ಮೆಣಸಿನ ಬಳ್ಳಿ ಇದ್ದಂತೆ. ಒಬ್ಬೊಬ್ಬ ರೈತನ ಪಾಲಿಗೆ ಅರ್ಧ ಎಕರೆ, ಒಂದೆಕರೆ, ಅದೂ ನಾಲ್ಕು ಕಡೆ ಹರಿದು ಹಂಚಿಹೋದದ್ದು. ಮರಗಳು ಒಂಟಿಯಾಗಿ ನಿಂತಿರುವುದಿಲ್ಲ. ಕಂದು ಕೀಳದೆ ಬಿಟ್ಟದ್ದರಿಂದ ಒಂದೇ ಬುಡಕ್ಕೆ ಐದಾರು ಕಾಂಡ, ನಡುವೆ ಒಣಗರಿಗಳ ಪೊದೆ. ಯೋಜನೆಯ ಕೆಲಸಗಳಲ್ಲಿ ಅತ್ಯಂತ ಸಪ್ಪೆಯಾಗಿ ಕಾಣುವುದು ಈ ಬುಡ ಬಿಡಿಸುವ ಕೆಲಸವೇ. ಆಳು ಒಳನುಗ್ಗಿ ಮುಳ್ಳುಗರಿ ಸವರಿ, ಹೆಚ್ಚಿನ ಕಂದುಗಳನ್ನು ಬೇರು ಸಮೇತ ಬೇರ್ಪಡಿಸಿ, ಒಳ್ಳೆಯದನ್ನು ಖಾಲಿ ಜಾಗದಲ್ಲಿ ನೆಡುತ್ತಾನೆ. ಉದ್ಘಾಟನೆಗೆ ಒದಗುವ ಕೆಲಸ ಅಲ್ಲ. ಆದರೆ ಬೇಸಿಗೆಯಲ್ಲಿ ಓಯಸಿಸ್‌ಗೆ ಬೆಂಕಿ ಬಿದ್ದಾಗ ಹೊತ್ತಿ ಉರಿಯುವುದು ಇದೇ ಒಣಗರಿ. ಬುಡ ಬಿಡಿಸಿದ ತೋಪಿಗೂ ಬಿಡಿಸದ ತೋಪಿಗೂ ಇರುವ ವ್ಯತ್ಯಾಸ ರಫ್ತಿನ ಪಟ್ಟಿಯಲ್ಲಿ ಕಾಣುವುದಿಲ್ಲ, ಆ ದಿನ ಕಾಣುತ್ತದೆ.

ಸ್ವಿಂಗಲ್ ನೋಡಲು ಬಂದಿದ್ದ ರೋಗದ ಹೆಸರು ಬಯೂದ್. ಅರಬ್ಬಿಯಲ್ಲಿ ಬಿಳುಪು ಎಂಬ ಅರ್ಥದ ಮಾತಿನಿಂದ ಬಂದದ್ದು. ಗರಿಯ ಒಂದು ಪಕ್ಕ ಮಾತ್ರ ಮೊದಲು ಬೂದಿಬಿಳುಪಾಗಿ, ನಂತರ ಇನ್ನೊಂದು ಪಕ್ಕ, ಆಮೇಲೆ ಸುಳಿ. ನಮ್ಮಲ್ಲಿ ರಸಬಾಳೆಯನ್ನು ಕಾಡಿದ ಪನಾಮ ಸೊರಗು ರೋಗದ ಫ್ಯುಸೇರಿಯಂ ಶಿಲೀಂಧ್ರಕ್ಕೆ ಇದು ಖಾಸಾ ದಾಯಾದಿ. ಮಣ್ಣಿನಲ್ಲೇ ಕೂತಿರುತ್ತದೆ, ಔಷಧಕ್ಕೆ ಬಗ್ಗುವುದಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ದ್ರಾ ಕಣಿವೆಯಲ್ಲಿ ಕಾಣಿಸಿಕೊಂಡ ಈ ರೋಗ ಮುಂದಿನ ನೂರು ವರ್ಷದಲ್ಲಿ ಮೊರಾಕ್ಕೊದ ಒಂದು ಕೋಟಿಗೂ ಹೆಚ್ಚು ಮರಗಳನ್ನು ಕೊಂದಿತು. ವಿಪರ್ಯಾಸವೆಂದರೆ, ದುಡ್ಡು ತರುವ ಮಜ್‌ಹೂಲ್‌ಗೆ ಈ ರೋಗವನ್ನು ತಡೆಯುವ ಶಕ್ತಿ ಇಲ್ಲ. ಮೊರಾಕ್ಕೊದ ಕೃಷಿ ಸಂಶೋಧಕರು ಆರಿಸಿ ತೆಗೆದ ನಜ್ದಾ ಎಂಬ ತಳಿಗೆ ಇದೆ. ಆ ಹೆಸರಿನ ಅರ್ಥವೇ 'ಆಪತ್ತಿಗೆ ಆದದ್ದು'. ಆದರೆ ಪರದೇಶದ ಅಂಗಡಿಯಲ್ಲಿ ನಜ್ದಾವನ್ನು ಕೇಳುವವರಿಲ್ಲ. ರಫ್ತನ್ನೇ ಗುರಿ ಮಾಡಿಕೊಂಡ ಯೋಜನೆ ರೈತನ ಕೈಗೆ ಯಾವ ಗಿಡ ಕೊಡಬೇಕು?

ಇನ್ನು ಕಾಲದ ತಕರಾರು. ಅಮೆರಿಕದ ಆ ನೆರವು ಸಂಸ್ಥೆಯ ಒಪ್ಪಂದಗಳಿಗೆ ಐದೇ ವರ್ಷದ ಮಿತಿ. ಇದು ಅಧಿಕಾರಿಗಳ ಹಠ ಅಲ್ಲ, ಅಲ್ಲಿನ ಸಂಸತ್ತು ಕಾಯ್ದೆಯಲ್ಲೇ ಬರೆದದ್ದು. ಮೊರಾಕ್ಕೊದ ಗಡಿಯಾರ 2008ರ ಸೆಪ್ಟೆಂಬರ್ 15ಕ್ಕೆ ಶುರುವಾಗಿ 2013ರ ಸೆಪ್ಟೆಂಬರ್ 15ಕ್ಕೆ ನಿಂತಿತು. ಖರ್ಜೂರದ ಕಂದು ನೆಟ್ಟು ನಾಲ್ಕೈದು ವರ್ಷಕ್ಕೆ ಮೊದಲ ಗೊನೆ, ಪೂರ್ತಿ ಫಸಲು ಕೈಗೆ ಹತ್ತಬೇಕಾದರೆ ಹತ್ತು ಹನ್ನೆರಡು ವರ್ಷ. ಟೆಂಡರು, ಕಾಲುವೆ ಕೆಲಸ ಎಂದು ಮೊದಲೆರಡು ವರ್ಷ ಹೋದರೆ ಐದನೇ ವರ್ಷ ಬಂದ ಮೌಲ್ಯಮಾಪಕನ ಕಣ್ಣಿಗೆ ಬೀಳುವುದು ಮೊಣಕಾಲೆತ್ತರದ ಗಿಡಗಳು. ಆತ ಏನು ಎಣಿಸಬೇಕು? ಗಿಡಗಳನ್ನೇ ಎಣಿಸುತ್ತಾನೆ. ವನಮಹೋತ್ಸವದಲ್ಲಿ ನಾವು ಎಣಿಸುವುದಿಲ್ಲವೇ, ಹಾಗೆ. ಒಂದೇ ಗುಣಿಗೆ ಮೂರು ಸಲ ಸಸಿ ಇಟ್ಟರೆ ನೆಟ್ಟ ಲೆಕ್ಕ ಮೂರು, ಬದುಕಿದ ಲೆಕ್ಕ ಒಂದು ಅಥವಾ ಸೊನ್ನೆ.

ಈ ಸಂಸ್ಥೆಯನ್ನು ಮೆಚ್ಚಲೇಬೇಕಾದ ಒಂದು ವಿಷಯವಿದೆ. ಹಾಕಿದ ಹಣಕ್ಕೆ ಸಮಾಜಕ್ಕೆ ಬರುವ ಪ್ರತಿಫಲ ಇಷ್ಟು ಎಂದು ಮೊದಲೇ ಲೆಕ್ಕ ಕಟ್ಟುತ್ತದೆ. ಸಾಮಾನ್ಯವಾಗಿ ಶೇ 10ಕ್ಕಿಂತ ಕಡಿಮೆ ಬಂದರೆ ಕೈ ಹಾಕುವುದಿಲ್ಲ, ಯೋಜನೆ ಮುಗಿದ ಮೇಲೆ ಹೊರಗಿನವರಿಂದ ಅಳತೆ ಮಾಡಿಸಿ ವರದಿ ಪ್ರಕಟಿಸುತ್ತದೆ. ನಮ್ಮ ಎಷ್ಟು ಇಲಾಖೆಗಳು ಈ ಧೈರ್ಯ ತೋರುತ್ತವೆ? ಆದರೆ ಖರ್ಜೂರದ ವಿಷಯದಲ್ಲಿ ಪ್ರತಿಫಲದ ಬಹುಪಾಲು ಒಪ್ಪಂದ ಮುಗಿದ ಎಷ್ಟೋ ವರ್ಷದ ಮೇಲೆ ಬರಬೇಕಾದದ್ದು. ಅದು ಬರುತ್ತದೆ ಎಂಬ ಊಹೆಯೇ ಲೆಕ್ಕದ ತಳಪಾಯ. ಒಂದು ಬಯೂದ್, ಮೂರು ವರ್ಷದ ಬರ, ಆ ಊಹೆಯನ್ನು ಮಗುಚಿಹಾಕಬಹುದು.

ಲೆಕ್ಕ ಹಾಕುವವರು ಆಗಾಗ ಮರೆಯುವ ಇನ್ನೊಂದು ಗಡಿಯಾರವಿದೆ. ಖರ್ಜೂರದ ದರ ರಂಜಾನ್ ತಿಂಗಳಿಗೆ ಜೋತುಬಿದ್ದಿರುತ್ತದೆ. ಕೊಯ್ಲು ಸೆಪ್ಟೆಂಬರ್ ಕೊನೆಯಿಂದ ನವೆಂಬರ್. ರಂಜಾನ್ ಚಂದ್ರನ ಲೆಕ್ಕದ್ದು, ವರ್ಷಕ್ಕೆ ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಯೋಜನೆ ಶುರುವಾದ 2008ರಲ್ಲಿ ಉಪವಾಸ ಬಂದದ್ದು ಸೆಪ್ಟೆಂಬರ್‌ನಲ್ಲಿ, ಹೊಸ ಹಣ್ಣು ಇಳಿಯಲು ಶುರುವಾಗುವ ಹೊತ್ತಿಗೆ. ಮುಗಿದ 2013ರಲ್ಲಿ ಬಂದದ್ದು ಜುಲೈನಲ್ಲಿ, ಅಂದರೆ ಹಿಂದಿನ ಕೊಯ್ಲಿನ ಹಣ್ಣನ್ನು ಎಂಟೊಂಬತ್ತು ತಿಂಗಳು ಶೀತಲಗೃಹದಲ್ಲಿ ಇಟ್ಟವನಿಗೆ ಮಾತ್ರ ಹಬ್ಬದ ದರ. ಸಾಲದ ಕಂತಿಗೆ ನವೆಂಬರ್‌ನಲ್ಲೇ ಮಾರಿಕೊಂಡ ರೈತನಿಗೆ ಸುಗ್ಗಿಯ ದರ. 'ಮೊದಲು' ಮತ್ತು 'ನಂತರ' ಎಂದು ಎರಡು ವರ್ಷದ ದರ ಪಕ್ಕಪಕ್ಕ ಇಟ್ಟು ಯೋಜನೆಯನ್ನು ಹೊಗಳುವುದೂ ತೆಗಳುವುದೂ ಹೀಗಾಗಿ ಎರಡೂ ತಪ್ಪು. ಯೋಜನೆ ತಲುಪದ ಪಕ್ಕದ ಊರಿನ ಜೊತೆ ಹೋಲಿಸಬೇಕು ಎಂದು ಪಠ್ಯಪುಸ್ತಕ ಹೇಳುತ್ತದೆ. ಆದರೆ ಓಯಸಿಸ್‌ನಲ್ಲಿ ಪಕ್ಕದ ಊರಿಗೂ ನೀರು ಅದೇ ಕಾಲುವೆಯದ್ದು.

ರಫ್ತಿನ ಮಾತಿಗೆ ಬರೋಣ. ಮಲೆನಾಡಿನವರಿಗೆ ಚೇಣಿ ಗೊತ್ತು. ಮರದ ಮೇಲಿನ ಫಸಲನ್ನು ಕೊಯ್ಲಿಗೆ ಮೊದಲೇ ಇಂತಿಷ್ಟಕ್ಕೆ ಎಂದು ವ್ಯಾಪಾರಿಗೆ ಬಿಟ್ಟುಕೊಡುವುದು. ಉತ್ತರ ಆಫ್ರಿಕಾದ ಖರ್ಜೂರದಲ್ಲೂ ಇದೇ ನಡೆಯುತ್ತದೆ. ಚೇಣಿದಾರ ಬಂದು ಮರ ನೋಡಿ, ಗೊನೆ ಎಣಿಸಿ, ಬೆಲೆ ಹೇಳಿ, ಮುಂಗಡ ಕೊಟ್ಟು ಹೋಗುತ್ತಾನೆ. ಮಳೆ ಬಂದು ಹಣ್ಣು ಹುಳಿತರೆ ನಷ್ಟ ಅವನದು, ದರ ಏರಿದರೆ ಲಾಭವೂ ಅವನದೇ. ಅವನನ್ನು ಬೈಯುವುದು ಸುಲಭ. ಆದರೆ ಮಗಳ ಮದುವೆಗೆ, ಬೋರ್‌ವೆಲ್ ಮೋಟರಿಗೆ ಆಗಸ್ಟ್‌ನಲ್ಲೇ ದುಡ್ಡು ಕೊಡುವವನು ಇನ್ನು ಯಾರಿದ್ದಾರೆ? ಸಣ್ಣ ರೈತರ ಸಂಘ ಕಟ್ಟಿಸಿ, ಪ್ಯಾಕಿಂಗ್ ಶೆಡ್ಡು, ಶೀತಲಗೃಹ ಕೊಟ್ಟರೆ ಅವರೇ ನೇರವಾಗಿ ಮಾರುತ್ತಾರೆ ಎಂಬುದು ಯೋಜನೆಯ ಲೆಕ್ಕಾಚಾರ. ಸಂಘ ಕೈಗೆ ಮುಂಗಡ ಕೊಡಲಾರದಿದ್ದರೆ ಶೆಡ್ಡು ಖಾಲಿ. ನಮ್ಮ ಕಡೆಯ ಒಂದು ರೈತ ಉತ್ಪಾದಕರ ಸಂಸ್ಥೆಯ ಗೋದಾಮಿನ ಶಟರ್‌ಗೆ ಎರಡು ಸುಗ್ಗಿ ಬೀಗ ಬಿದ್ದಿದ್ದನ್ನು ನಾನೇ ನೋಡಿದ್ದೇನೆ. ಯಂತ್ರವೆಲ್ಲ ಇತ್ತು. ಮಾಲು ಕೊಳ್ಳಲು ಕೈಯಲ್ಲಿ ಕಾಸು ಇರಲಿಲ್ಲ.

ಹಾಗೂ ಸಂಘ ನಡೆಯಿತು ಎನ್ನಿ. ಯುರೋಪಿನ ಅಂಗಡಿ ಸರಪಳಿ ಕೇಳುವುದು ಒಂದೇ ಗಾತ್ರ, ಒಂದೇ ಬಣ್ಣ, ಯಾವ ಮರದ್ದು ಎಂಬ ದಾಖಲೆ, ಔಷಧದ ಅಂಶ ಇಲ್ಲವೆಂಬ ಪರೀಕ್ಷೆ, ವರ್ಷವರ್ಷವೂ ಶುಲ್ಕ ಕಟ್ಟಿ ನವೀಕರಿಸಬೇಕಾದ ಪ್ರಮಾಣಪತ್ರ. ಹಣ್ಣಿನ ಒಳಗೆ ಮೊಟ್ಟೆ ಇಡುವ ಒಂದು ಪತಂಗವಿದೆ. ಪೆಟ್ಟಿಗೆ ಬಿಚ್ಚಿದಾಗ ಒಂದೇ ಒಂದು ಹುಳು ಸಿಕ್ಕರೂ ಇಡೀ ಲೋಡು ತಿರಸ್ಕಾರವಾದೀತು. ಮಜ್‌ಹೂಲ್ ದಪ್ಪ ಬರಬೇಕಾದರೆ ಕಾಯಿ ಗೋಲಿಯಷ್ಟಿರುವಾಗಲೇ ಎಸಳೆಸಳಿಗೂ ಕೈ ಹಾಕಿ ಅರ್ಧಕ್ಕಿಂತ ಹೆಚ್ಚನ್ನು ಉದುರಿಸಬೇಕು. ಅದಕ್ಕೂ ಮೊದಲು, ವಸಂತದಲ್ಲಿ, ಕೊನೆಗಾರ ಮರ ಹತ್ತಿ ಗಂಡು ಹೊಂಬಾಳೆಯ ಎಸಳನ್ನು ಹೆಣ್ಣು ಹೊಂಬಾಳೆಯೊಳಗೆ ಸಿಕ್ಕಿಸಿ ಕಟ್ಟಬೇಕು. ಗಾಳಿಯನ್ನು ನಂಬಿ ಕೂತರೆ ಕಾಯಿ ಕಚ್ಚುವುದು ಅಷ್ಟಕ್ಕಷ್ಟೇ. ಒಂದು ಮರವನ್ನು ವರ್ಷಕ್ಕೆ ಐದಾರು ಸಲ ಹತ್ತಬೇಕು. ಹತ್ತುವವರ ಮಕ್ಕಳು ಕಾಸಾಬ್ಲಾಂಕಾಕ್ಕೋ ಫ್ರಾನ್ಸಿಗೋ ಹೋಗಿದ್ದಾರೆ. ಶಿರಸಿ, ತೀರ್ಥಹಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಓಯಸಿಸ್‌ನ ಸಣ್ಣ ರೈತನ ತೋಪಿನಲ್ಲಿ ಮಜ್‌ಹೂಲ್ ಎಷ್ಟು ಮರ? ನಾಲ್ಕೋ ಎಂಟೋ. ಮಿಕ್ಕದ್ದು ಬೂಫೆಗ್ಗೂಸ್, ಜಿಹೆಲ್, ಮತ್ತೆ ಬೀಜದಿಂದ ತಾನಾಗಿ ಹುಟ್ಟಿದ 'ಖಲ್ತ್'. ಇವುಗಳನ್ನು ಊರಿನ ಸಂತೆಯಲ್ಲಿ ಜನ ಕೇಳಿ ಕೊಳ್ಳುತ್ತಾರೆ, ತೀರ ಕಳಪೆಯದ್ದು ಕುರಿಯ ಬಾಯಿಗೆ. ಈ ನಡುವೆ ಮೊರಾಕ್ಕೊ ಜಗತ್ತಿನ ದೊಡ್ಡ ಖರ್ಜೂರ ಆಮದು ದೇಶಗಳಲ್ಲಿ ಒಂದು. ಟ್ಯುನೀಷಿಯಾ, ಅಲ್ಜೀರಿಯಾ, ಕೊಲ್ಲಿ ದೇಶಗಳಿಂದ ರಂಜಾನ್‌ಗೆ ಮುಂಚೆ ಹಣ್ಣು ಬಂದು ಬೀಳುತ್ತದೆ, ರಫ್ತಿಗಿಂತ ಎಷ್ಟೋ ಪಟ್ಟು ಹೆಚ್ಚು. ಮನೆಯ ಬಾಗಿಲಲ್ಲೇ ಇಷ್ಟು ದೊಡ್ಡ ಗಿರಾಕಿ ಇರುವಾಗ ಸಣ್ಣ ರೈತನನ್ನು ಹ್ಯಾಂಬರ್ಗ್‌ಗೆ ಕಳಿಸುವ ಆತುರ ಏಕೆ? ಚೆನ್ನಾಗಿ ಒಣಗಿಸಿ, ವಿಂಗಡಿಸಿ, ಹುಳು ಬೀಳದಂತೆ ಇಟ್ಟ ಬೂಫೆಗ್ಗೂಸ್ ಕಾಸಾಬ್ಲಾಂಕಾದ ಅಂಗಡಿಯಲ್ಲಿ ಪರದೇಶದ ಹಣ್ಣನ್ನು ಹಿಂದೆ ಹಾಕಿದರೆ ಅದೂ ಗೆಲುವೇ. 'ರಫ್ತು' ಎಂಬ ಖಾನೆಯಲ್ಲಿ ಮಾತ್ರ ಅದರ ಅಂಕ ಸೊನ್ನೆ.

ಉತ್ತರ ಆಫ್ರಿಕಾದಲ್ಲಿ ರಫ್ತಿನಲ್ಲಿ ನಿಜವಾಗಿ ಗೆದ್ದ ದೇಶ ಟ್ಯುನೀಷಿಯಾ. ಉತ್ಪಾದನೆಯಲ್ಲಿ ಅದು ಜಗತ್ತಿನ ಮೊದಲ ಐದರಲ್ಲಿಲ್ಲ, ರಫ್ತಿನ ಮೌಲ್ಯದಲ್ಲಿ ಮುಂಚೂಣಿಯಲ್ಲಿದೆ. ಎಲ್ಲ ದೆಗ್ಲೆತ್ ನೂರ್ ಎಂಬ ಒಂದು ತಳಿಯ ಬಲದಿಂದ. ಬೆಲೆ ಏನು ತೆತ್ತಿತು ಎಂದರೆ ಕೆಬಿಲಿ ಕಡೆ ನೋಡಬೇಕು. ಅಲ್ಲಿ ಆಳದ ಕೊಳವೆಬಾವಿಯಿಂದ ಬರುವ ನೀರು ಕೈ ಇಡಲಾಗದಷ್ಟು ಬಿಸಿ, ಗೋಪುರಕ್ಕೆ ಏರಿಸಿ ತಣಿಸಿ ಆಮೇಲೆ ಮರಕ್ಕೆ ಬಿಡುತ್ತಾರೆ. ಅಲ್ಜೀರಿಯಾ, ಲಿಬಿಯಾ, ಟ್ಯುನೀಷಿಯಾ ಮೂರೂ ದೇಶಗಳ ಅಡಿ ಹರಡಿರುವ ಆ ಅಂತರ್ಜಲ ಸಾವಿರಾರು ವರ್ಷ ಹಳೆಯದು. 1970ರಲ್ಲಿ ಅದರಿಂದ ವರ್ಷಕ್ಕೆ 60 ಕೋಟಿ ಘನಮೀಟರ್ ಎತ್ತುತ್ತಿದ್ದರು, 2000ದ ಹೊತ್ತಿಗೆ 250 ಕೋಟಿ. ಮರುಪೂರಣ 100 ಕೋಟಿಯ ಆಸುಪಾಸು. ನಾವು ಯುರೋಪಿಗೆ ಖರ್ಜೂರ ಕಳಿಸುತ್ತಿದ್ದೇವೆ ಎಂದುಕೊಂಡಿದ್ದು, ವಾಸ್ತವದಲ್ಲಿ ತಾತಮುತ್ತಾತರ ನೀರನ್ನು ಪೆಟ್ಟಿಗೆಯಲ್ಲಿ ತುಂಬಿ ಕಳಿಸುವುದು ಎಂದು ಅಲ್ಲಿನ ರೈತ ಯೋಚಿಸಿದರೆ ತಪ್ಪೇನಿಲ್ಲ.

ಅದೇ ಕೆಬಿಲಿ ಸೀಮೆಯ ಜೆಮ್ನಾ ಎಂಬ ಊರಿನಲ್ಲಿ ಯಾರೂ ಯೋಜನಾವರದಿ ಬರೆಯದ ಒಂದು ಪ್ರಯೋಗ ನಡೆಯಿತು. 2011ರ ಜನವರಿಯಲ್ಲಿ ಟ್ಯುನೀಷಿಯಾದ ಸರ್ವಾಧಿಕಾರಿ ಓಡಿಹೋದಾಗ, ಖಾಸಗಿಯವರಿಗೆ ಗುತ್ತಿಗೆ ಹೋಗಿದ್ದ ಸರ್ಕಾರಿ ಖರ್ಜೂರದ ತೋಟವನ್ನು ಊರವರು ವಶಕ್ಕೆ ತೆಗೆದುಕೊಂಡು ಸಂಘ ಮಾಡಿ ನಡೆಸಿದರು. ಬಂದ ಲಾಭದಲ್ಲಿ ಶಾಲೆಗೆ ಕೊಠಡಿ, ಊರಿಗೆ ಆಂಬುಲೆನ್ಸ್, ಸಂತೆಕಟ್ಟೆಗೆ ಚಾವಣಿ. ಕಾನೂನಿನ ಕಣ್ಣಿಗೆ ಅದು ಒತ್ತುವರಿ, ಸರ್ಕಾರದ ಜೊತೆ ಜಗಳ ವರ್ಷಗಟ್ಟಲೆ ಎಳೆಯಿತು. ಲಾಭ ಎಲ್ಲಿಗೆ ಹೋಯಿತು ಎಂಬ ಒಂದು ಪ್ರಶ್ನೆಗೆ ಮಾತ್ರ ಜೆಮ್ನಾದ ಉತ್ತರ ಎಲ್ಲ ವರದಿಗಳಿಗಿಂತ ಸ್ಪಷ್ಟ.

ಮತ್ತೆ ಮೊರಾಕ್ಕೊಗೆ. ತಾಫಿಲಾಲೆತ್ ಸೀಮೆಯಲ್ಲಿ ಖೆತ್ತಾರಾ ಎಂಬ ಸುರಂಗಗಳಿವೆ. ಬೆಟ್ಟದ ಬುಡದ ಅಂತರ್ಜಲವನ್ನು ನೆಲದೊಳಗೇ ಇಳಿಜಾರಾಗಿ ಕಿಲೋಮೀಟರ್‌ಗಟ್ಟಲೆ ತಂದು ತೋಪಿಗೆ ಬಿಡುವುದು, ಮೋಟರಿಲ್ಲ, ಕರೆಂಟಿಲ್ಲ. ಬೀದರ್‌ಗೆ ಹೋದವರು ನೌಬಾದ್ ಬಳಿ ಇದರ ಅಣ್ಣತಮ್ಮನನ್ನು ನೋಡಿರುತ್ತೀರಿ. ಬಹಮನಿ ಕಾಲದಲ್ಲಿ ಪರ್ಷಿಯಾದ ವಿದ್ಯೆಯಿಂದ ತೋಡಿದ ಕರೇಜ್ ಅದು. ಖೆತ್ತಾರಾದ ಗುಣವೆಂದರೆ ಭೂಮಿ ಕೊಟ್ಟಷ್ಟೇ ತೆಗೆದುಕೊಳ್ಳುತ್ತದೆ. ಜಲಮಟ್ಟ ಇಳಿದರೆ ತಾನಾಗಿ ಬತ್ತಿ ನಿಲ್ಲುತ್ತದೆ. ಬೋರ್‌ವೆಲ್‌ಗೆ ಆ ಸಂಕೋಚವಿಲ್ಲ. 1971ರಲ್ಲಿ ಝಿಝ್ ನದಿಗೆ ಅಣೆಕಟ್ಟು ಬಂದು, ಜೊತೆಗೆ ಮೋಟರ್ ಪಂಪುಗಳು ಬಂದು, ಒಂದೊಂದೇ ಖೆತ್ತಾರಾ ಒಣಗಿತು. ಉಳಿದ ಕೆಲವಕ್ಕೆ ಯೋಜನೆಯ ದುಡ್ಡಿನಲ್ಲಿ ಹೂಳು ತೆಗೆದು, ಗೋಡೆ ಕಟ್ಟಿ, ಸೋರುವ ಕಾಲುವೆಗೆ ಗಾರೆ ಹಾಕಿದರು. ಇಡೀ ಕಾರ್ಯಕ್ರಮದಲ್ಲಿ ಸಣ್ಣ ರೈತನಿಗೆ ನೇರವಾಗಿ ತಲುಪಿದ್ದು ಯಾವುದು ಎಂದರೆ ನಾನು ಇದಕ್ಕೇ ಮೊದಲ ಅಂಕ ಕೊಡುವವನು.

ಆದರೆ ಅದೇ ಹೊತ್ತಿಗೆ ಇನ್ನೊಂದು ಕೈ ಬೇರೆ ಕೆಲಸ ಮಾಡುತ್ತಿತ್ತು. ಸರ್ಕಾರದ ಸಬ್ಸಿಡಿ ಹನಿ ನೀರಾವರಿಗೆ ಸುರಿಯಿತು. ಓಯಸಿಸ್‌ನ ಆಚೆ, ಬೂದ್ನಿಬ್‌ನ ಬಯಲಲ್ಲಿ, ಹೊರಗಿನ ಬಂಡವಾಳದವರು ನೂರಾರು ಎಕರೆಗಳಲ್ಲಿ ಬರೀ ಮಜ್‌ಹೂಲ್ ನೆಟ್ಟರು. ಹನಿ ನೀರಾವರಿ ಮರವೊಂದಕ್ಕೆ ನೀರು ಉಳಿಸುತ್ತದೆ, ಖರೆ. ಉಳಿದ ನೀರಿಗೆ ಇನ್ನಷ್ಟು ಮರ ನೆಟ್ಟರೆ ಉಳಿದದ್ದೆಲ್ಲಿ? ಕೋಲಾರದಲ್ಲಿ ಸಾವಿರ ಅಡಿ ಮೀರಿ ಕೊರೆಯುವವರಿಗೆ ಈ ಗಣಿತ ಬಾಯಿಪಾಠ. ಅಂತರ್ಜಲದ ಮೇಲಿನ ಒತ್ತಡ ತಗ್ಗಿಸಲೆಂದು ಬೂದ್ನಿಬ್ ಕಡೆ ಗೀರ್ ನದಿಗೆ ಕದ್ದೂಸಾ ಅಣೆಕಟ್ಟು ಕಟ್ಟಬೇಕಾಯಿತು. 30 ಲಕ್ಷ ಗಿಡಗಳ ಲೆಕ್ಕದಲ್ಲಿ ಓಯಸಿಸ್‌ನ ಗಿಡವೂ ಒಂದು, ಬಯಲಿನ ಎಸ್ಟೇಟಿನ ಗಿಡವೂ ಒಂದು. ಒಂದರ ಬುಡದಲ್ಲಿ ಸಣ್ಣ ರೈತ, ಇನ್ನೊಂದರ ಬುಡದಲ್ಲಿ ಅವನ ಖೆತ್ತಾರಾವನ್ನು ಬತ್ತಿಸಬಲ್ಲ ಪಂಪು.

ಯಾವ ಮಾನದಂಡವೂ ಮುಂಗಾಣದ ಪೆಟ್ಟುಗಳೂ ಇವೆ. 2021ರ ಮಾರ್ಚ್‌ನಲ್ಲಿ ಅಲ್ಜೀರಿಯಾದ ಸೇನೆ ಗಡಿಯಾಚೆಯ ಅಲ್ ಅರ್ಜಾ ಎಂಬ ತೋಪಿನಿಂದ ಫಿಗಿಗ್ ಊರಿನ ಮೊರಾಕ್ಕೊ ರೈತರನ್ನು ಹೊರಗೆ ಕಳಿಸಿತು. ತಲೆಮಾರುಗಳಿಂದ ಅವರೇ ಬೆಳೆಸಿಕೊಂಡು ಬಂದ ಮರಗಳು. ಗಡಿಯ ಈಚೆ ನಿಂತು ನೋಡುವುದಷ್ಟೇ ಉಳಿಯಿತು.

ಹಾಗಾದರೆ ತೀರ್ಪೇನು? ಖೆತ್ತಾರಾ ಮತ್ತು ಕಾಲುವೆ ರಿಪೇರಿ, ಬುಡ ಬಿಡಿಸಿದ್ದು, ರೋಗ ತಡೆಯುವ ತಳಿ ಹಂಚಿದ್ದು, ಇವು ಪಾಸು. ಶೆಡ್ಡು, ಶೀತಲಗೃಹ ಪಾಸೋ ಫೇಲೋ ಆಯಾ ಸಂಘದ ಕೈಯಲ್ಲಿ ಮುಂಗಡದ ದುಡ್ಡು ಇದೆಯೇ ಎಂಬುದರ ಮೇಲೆ. ಸಣ್ಣ ರೈತನ ಹೆಸರಿನಲ್ಲಿ ಇಟ್ಟ ರಫ್ತಿನ ಗುರಿ ಫೇಲು. ಅದನ್ನು ಮುಟ್ಟುವ ಶಕ್ತಿ ಇದ್ದದ್ದು ಎಸ್ಟೇಟಿನವರಿಗೆ. ಇಷ್ಟು ಹೇಳಲೂ 2013 ತೀರ ಬೇಗವಾಗಿತ್ತು. ಅಮೆರಿಕದ ಒಪ್ಪಂದದ ಕೊನೆಯ ವರ್ಷದಲ್ಲಿ ನೆಟ್ಟ ಗಿಡಗಳಲ್ಲಿ ಬದುಕಿದವು ಪೂರ್ತಿ ಫಸಲಿಗೆ ಬರಬೇಕಾದದ್ದು 2023ರಿಂದ 2025ರ ನಡುವೆ, ಯೋಜನೆಯ ಕಚೇರಿ ಮುಚ್ಚಿ ಹತ್ತು ವರ್ಷ ದಾಟಿದ ಮೇಲೆ.